ಹಳೇ ಕಾಗದಗಳ ನಮಸ್ಕಾರ ಹುಡುಕುವ ಯಾಂಗ್‌ಸುನ್

ಆಂಡಾಂಗ್ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಾಖಲೆ ಸಂಗ್ರಹಾಲಯದ ಎರಡನೇ ಮಹಡಿಯಲ್ಲಿ ಮಾ ಯಾಂಗ್‌ಸುನ್ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೂತಿದ್ದಾರೆ ಅನ್ನುವುದೂ ತಪ್ಪು. ಐದು ನಿಮಿಷಕ್ಕೊಮ್ಮೆ ಎದ್ದು ಕಿಟಕಿಗೆ ಹೋಗುತ್ತಾರೆ, ಬಾರ್ಲಿ ಚಹಾ ಬಗ್ಗಿಸಿಕೊಂಡು ಕುಡಿಯುವುದನ್ನೇ ಮರೆಯುತ್ತಾರೆ. ಐವತ್ತೆಂಟರ ಈ ಹೆಂಗಸಿಗೆ ಎರಡು ವಾರದಿಂದ ನಿದ್ದೆ ಹತ್ತಿಲ್ಲ.

ಹಳೇ ಮನೆತನಗಳ ಕಾಗದಗಳಿಗೆ ಗುರುತು ಹಾಕುವುದು ಅವರ ಕೆಲಸ. ಅಕ್ಷರಗಳನ್ನು ಬೇರೆಯವರು ಟೈಪ್ ಮಾಡಿರುತ್ತಾರೆ, ಆದರೆ ಕಂಪ್ಯೂಟರಿಗೆ ಅದೆಲ್ಲ ಒಂದೇ ರಾಶಿ. ಇದು ತಾರೀಖು, ಇಲ್ಲಿ ಕುಶಲ ಮುಗಿದು ವಿಷಯ ಶುರು, ಇದು ಅಂಚಿನಲ್ಲಿ ಆಮೇಲೆ ಸೇರಿಸಿದ ಮಾತು ಎಂದು ಒಂದೊಂದನ್ನೂ ಅದಕ್ಕೆ ಹೇಳಿಕೊಡಬೇಕು. ದಿನಕ್ಕೆ ನಲವತ್ತು ಕಾಗದ. ಕಾಗದಗಳೆಲ್ಲ ಇರುವುದು ಚೀನೀ ಅಕ್ಷರದಲ್ಲಿ; ತಾತನ ಹತ್ತಿರ ಬೈಸಿಕೊಂಡು ಕಲಿತ ಆ ಅಕ್ಷರಗಳು ತಾವು ದುಡಿಯುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅನ್ನಕ್ಕೆ ದಾರಿಯಾದವು. ಕೆಲಸ ಮಾತ್ರ ವರ್ಷವರ್ಷವೂ ನವೀಕರಣವಾಗಬೇಕು.

ತಪ್ಪು ನಡೆದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆ ಕಾಲದವರು ಸಾಲನ್ನು ಮೇಲಿಂದ ಕೆಳಕ್ಕೆ ಬರೆಯುತ್ತಿದ್ದರು; ಬರೆಯುತ್ತ ಬರೆಯುತ್ತ ರಾಜನ ಮಾತೋ ಅಪ್ಪನ ಮಾತೋ ಬಂದರೆ ಸಾಲನ್ನು ಅರ್ಧಕ್ಕೇ ಬಿಟ್ಟು, ಮುಂದಿನ ಸಾಲಿನ ನೆತ್ತಿಯಿಂದ ಶುರುಮಾಡುತ್ತಿದ್ದರು. ಅದು ಮರ್ಯಾದೆ. ಯಾಂಗ್‌ಸುನ್ ಅವಸರದಲ್ಲಿ ಅಂಥ ಕಡೆಯೆಲ್ಲ ‘ಹೊಸ ಪ್ಯಾರಾ’ ಎಂದು ಗುರುತು ಹಾಕಿಬಿಟ್ಟಿದ್ದಾರೆ. ಒಂದಲ್ಲ ಎರಡಲ್ಲ, ಆರುನೂರ ಹನ್ನೆರಡು ಕಾಗದ. ಅದು ಕಣ್ಣಿಗೆ ಬಿದ್ದದ್ದು ಎರಡು ವಾರದ ಹಿಂದೆ; ಅಂದಿನಿಂದ ಒಂದೊಂದೇ ತಿದ್ದುತ್ತಿದ್ದಾರೆ. ಶುಕ್ರವಾರ ಎಲ್ಲವೂ ಜನರಿಗೆ ತೆರೆದುಕೊಳ್ಳುತ್ತದೆ.

ಮೇಲ್ವಿಚಾರಕ ಹಾಮ್ ಒಳ್ಳೆಯವನೇ. ನವೀಕರಣದ ಪಟ್ಟಿ ಇದೇ ವಾರ ಮೇಲೆ ಹೋಗುತ್ತಿರುವಾಗ ತಪ್ಪು ಒಪ್ಪಿಕೊಂಡು ಕಾಲ ಮೇಲೆ ಕಲ್ಲು ಹಾಕಿಕೊಳ್ಳಬೇಡಿ ಎಂದು ಬುದ್ಧಿ ಹೇಳಿದ್ದಾನೆ.

"ಅಕ್ಕ, ಅದನ್ನ ಯಾರ್ ನೋಡ್ತಾರೆ? ಸುಮ್ನಿದ್ಬಿಡಿ."

"ನೋಡ್ದೆ ಇರೋದಕ್ಕೆ ಇಷ್ಟ್ ವರ್ಷ ಕಣ್ಣು ಕೆಡಿಸ್ಕೊಂಡ್ನೇನಪ್ಪಾ?" ಎಂದು ಯಾಂಗ್‌ಸುನ್ ಕೇಳಿದರಂತೆ.

ತಿದ್ದುವುದಕ್ಕೆ ಇನ್ನೂ ನೂರಾ ಮೂವತ್ತು ಉಳಿದಿವೆ. ಈ ಬೆಳಗ್ಗೆ ಸಿಕ್ಕಿದ್ದು ಒಬ್ಬ ಬಡ ಗುಮಾಸ್ತ ತಮ್ಮನಿಗೆ ಬರೆದ ಕಾಗದ. ನಡುವೆ ಸಾಲು ಮುರಿದಿದೆ. ರಾಜನ ಸುದ್ದಿಯಿಲ್ಲ, ಅಪ್ಪನ ಸುದ್ದಿಯಿಲ್ಲ. ಹೊಸ ಸಾಲಿನ ನೆತ್ತಿಯಲ್ಲಿರುವುದು ‘ಮಕ್ಕಳ ತಾಯಿ’. ಕಾಗದ ಬರೆಯುವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಅವನ ಹೆಂಡತಿ. ಹೆಂಡತಿಗಾಗಿ ಸಾಲು ಮುರಿದವರನ್ನು ಯಾಂಗ್‌ಸುನ್ ಇಷ್ಟು ವರ್ಷದಲ್ಲಿ ಕಂಡೇ ಇಲ್ಲ. ‘ಹೊಸ ಪ್ಯಾರಾ’ ಅಳಿಸಿ ‘ಗೌರವ’ ಎಂದು ಗುರುತು ಹಾಕುತ್ತಾರೆ. ಆಮೇಲೆ ಹಾಮ್‌ನ ಮೇಜಿನ ಮೇಲೆ ತಪ್ಪೊಪ್ಪಿಗೆಯ ಚೀಟಿ ಇಟ್ಟು ಬರುತ್ತಾರೆ, ಆರುನೂರ ಹನ್ನೆರಡರ ಪಟ್ಟಿಯ ಸಮೇತ.

"ನನ್ ಕೆಲ್ಸ ಹೋದ್ರೆ ಹೋಗ್ಲಿ," ಅನ್ನುತ್ತಾರೆ, ಮುಂದಿನ ಕಾಗದ ತೆರೆಯುತ್ತ. "ಅವನು ಅವಳಿಗೆ ಮಾಡಿದ್ ನಮಸ್ಕಾರ ನನ್ ಕೈಯಿಂದ ಅಳಿಸಿಹೋಗ್ಬಾರ್ದು."