ಆಯೇರಿ ಸೀರೆ ಮತ್ತು ನಮ್ಮ ಮನೆಯವರ ನಾಲಿಗೆ

ನಮ್ಮ ಮನೆಯವರನ್ನು ಮೊಸರು ತರಲು ಕಳಿಸಿದರೆ ಮೊಸರೇ ಬರುತ್ತದೆ ಎಂದು ನಂಬುವ ಹಾಗಿಲ್ಲ. ಸಿಂದಗಿಯಲ್ಲಿದ್ದಾಗ ಒಮ್ಮೆ ಹಾಗೆ ಹೋದವರು ಎರಡು ತಾಸಿನ ಮೇಲೆ ಒಂದು ಕುರಿಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ದಾರಿಯಲ್ಲಿ ಕುರಿ ಕಾಯುವವನೊಬ್ಬ ಸಿಕ್ಕನಂತೆ, ಮರಿಯ ಕಾಲು ಉಳುಕಿತ್ತಂತೆ, ಹಿಂಡು ಆಲಮೇಲದ ಕಡೆ ಹೊರಟಿತ್ತಂತೆ. ‘ನಾಕ ದಿನ ನಾ ಇಟ್ಕೋತೇನಿ, ತಿರುಗಿ ಬರೂವಾಗ ಒಯ್ಯಿ’ ಎಂದು ಇವರು ಮಾತು ಕೊಟ್ಟು ಬಂದಿದ್ದರು. ಮರಿ ಮೂರು ವಾರ ಇತ್ತು. ನನ್ನ ತುಳಸಿ ಬೋಳಾಯಿತು. ಆದರೆ ಆ ಮೂರು ವಾರ ಓಣಿಯ ಮಕ್ಕಳೆಲ್ಲ ನಮ್ಮ ಅಂಗಳದಲ್ಲೇ ಇದ್ದರು. ಅಲ್ಲಿಯವರೆಗೆ ನಮ್ಮ ಕಟ್ಟೆ ಹತ್ತದಿದ್ದ ಎದುರು ಮನೆಯ ಮುದುಕಿಯೂ ಮರಿಗೆ ಸೊಪ್ಪು ತರುವ ನೆವ ಮಾಡಿ ಬಂದು, ಸೊಸೆಯ ಚಾಡಿ ಹೇಳಿ, ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದಳು. ಆ ದಿನ ಮೊಸರಿಲ್ಲದೆ ಅನ್ನ ಉಂಡದ್ದನ್ನು ಮಾತ್ರ ನಾನು ಇವತ್ತಿಗೂ ಎತ್ತಿ ಆಡುತ್ತೇನೆ.

ಅವರು ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರರು. ನಾನು ಸಿಂದಗಿಯಿಂದ ವರ್ಗವಾಗಿ ಬಂದು ಇಂಡಿ ಊರಿನ ಒಂದು ಕಚೇರಿಯಲ್ಲಿ ಹಳೆಯ ಕಾಗದಪತ್ರ ಕಾಯುವವಳು. ಯಾವ ಕಾಗದ ಯಾವ ಕಪಾಟಿನ ಯಾವ ಗಂಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅದೇ ಚಟ ಮನೆಗೂ ಬಂದಿದೆ. ಬೇಳೆ ಡಬ್ಬಿಗೂ ಚೀಟಿ, ಔಷಧದ ಡಬ್ಬಿಗೂ ಚೀಟಿ. ಅವರು ಮೊದಲು ಮಾತಾಡಿ ಆಮೇಲೆ ವಿಚಾರ ಮಾಡುವವರು. ನಾನು ವಿಚಾರ ಮಾಡಿ ಮಾಡಿ ಕೊನೆಗೆ ಮಾತನ್ನೇ ಆಡದವಳು. ಇಂಥ ಇಬ್ಬರು ಮೂವತ್ತು ವರ್ಷ ಒಂದೇ ಸೂರಿನಡಿ ಹೇಗಿದ್ದಿರಿ ಎಂದು ಯಾರಾದರೂ ಕೇಳಿದರೆ, ಅವರು ‘ನಾ ಮನ್ಯಾಗ ಎಲ್ಲಿರ್ತೇನ್ರಿ’ ಎಂದು ನಗುತ್ತಾರೆ.

ನನಗೆ ಒಬ್ಬಳೇ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾರೆ. ನನಗೆ ಏಳು ವರ್ಷವಿದ್ದಾಗ ನಮ್ಮವ್ವ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿದ್ದು, ಸಾಲಿಗೆ ಕಳಿಸಿದ್ದು, ನಾನು ದೊಡ್ಡವಳಾದಾಗ ಹೆದರಬೇಡ ಎಂದು ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಅವಳೇ. ತನ್ನ ಮದುವೆಯನ್ನು ಏಳೆಂಟು ವರ್ಷ ಮುಂದೆ ಹಾಕಿದ್ದೂ ನನ್ನ ಸಲುವಾಗಿ. ಅಂಥ ಅಕ್ಕ ನನ್ನ ಜೊತೆ ಆರು ವರ್ಷ ಮಾತು ಬಿಟ್ಟಳು. ಕಾರಣ ಒಂದು ಸೀರೆ.

ನಮ್ಮ ಕಡೆ ಮದುವೆ, ವಾಸ್ತುಶಾಂತಿ, ಏನೇ ಇರಲಿ, ಬಂಧುಗಳಿಗೆ ಬಟ್ಟೆ ಕೊಡಬೇಕು. ಅದಕ್ಕೆ ಆಯೇರಿ ಎನ್ನುತ್ತೇವೆ. ಕೊಟ್ಟದ್ದು ಬರುತ್ತದೆ, ಬಂದದ್ದನ್ನು ಕೊಡಬೇಕು. ಬಂದ ಸೀರೆಗಳನ್ನೆಲ್ಲ ಉಟ್ಟುಕೊಳ್ಳುತ್ತ ಕೂತರೆ ಒಂದು ಜನ್ಮ ಸಾಲದು. ಆದ್ದರಿಂದ ಅವು ಟ್ರಂಕಿನಲ್ಲಿ ಕಾದು ಕೂತು ಮುಂದಿನ ಮದುವೆಗೆ ಬೇರೆ ಮನೆಗೆ ಹೋಗುತ್ತವೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕಟ್ಟಳೆ ಒಂದೇ: ಕೊಟ್ಟವರಿಗೆ ತಿರುಗಿ ಕೊಡಬಾರದು. ಹಾಗಾಗಬಾರದೆಂದೇ ನಾನು ಒಂದೊಂದು ಸೀರೆಗೂ ಕೊಟ್ಟವರು ಯಾರು, ಯಾವ ಕಾರ್ಯಕ್ಕೆ ಎಂದು ಚೀಟಿ ಬರೆದು, ನಾವು ಟಾಚಣಿ ಎನ್ನುವ ಗುಂಡುಸೂಜಿ ಚುಚ್ಚಿ ಇಡುತ್ತಿದ್ದೆ. ಓಣಿಯ ಹೆಂಗಸರು ನನ್ನ ಟ್ರಂಕು ನೋಡಿ ಹೋಗಲು ಬರುತ್ತಿದ್ದರು ಎಂದರೆ ಜಂಬವಲ್ಲ.

ನಮ್ಮ ಮಗಳ ಮದುವೆ ಇಂಡಿಯಲ್ಲಿ ನಾವಿರುವ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಆಯೇರಿ ಶುರುವಾಗಿ ಮೊದಲ ಸೀರೆ ಅಕ್ಕನಿಗೇ ಎಂದು ಅವಳನ್ನು ಮಂಟಪದ ಮುಂದೆ ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಸೀರೆ ಉಡಿಯಲ್ಲಿಟ್ಟೆ. ದಾಳಿಂಬೆ ಬಣ್ಣದ ಇಳಕಲ್ಲ ಸೀರೆ, ಕೆಂಪು ಬಿಳಿ ತೆನೆಗಳ ತೋಪತೆನಿ ಸೆರಗು. ಅಕ್ಕ ಮಡಿಕೆ ಬಿಚ್ಚಿ ಸೆರಗು ನೋಡಿದಳು. ಒಮ್ಮೆ ನನ್ನ ಮುಖ ನೋಡಿದಳು. ನಾಲ್ಕು ವರ್ಷದ ಹಿಂದೆ ಸಿಂದಗಿಯಲ್ಲಿ ನಾವು ಮನೆ ಕಟ್ಟಿಸಿದಾಗ ಅವಳೇ ತಂದುಕೊಟ್ಟ ಸೀರೆ ಅದು. ತಾನೇ ಇಳಕಲ್ಲಿಗೆ ಹೋಗಿ ಆರಿಸಿ ತಂದಿದ್ದಳು.

ಇನ್ನೂ ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು ಸೀರೆಯನ್ನು ನೋಡಿಯೇ ಬಿಟ್ಟರು.

‘ಅಯ್ಯ, ಅಕ್ಕಾರ! ನಿಮ್ಮ ಸೀರಿ ಊರೆಲ್ಲಾ ತಿರಗ್ಯಾಡಿ ಮತ್ತ ತವರಮನಿಗೆ ಬಂತಲ್ರಿ!’

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಬೀಗರು ನಕ್ಕರು, ಬ್ಯಾಂಡಿನವರು ನಕ್ಕರು. ನಾನು ಎದ್ದೆ. ನೇರವಾಗಿ ಒಳಗೆ ಹೋಗಿ ಟ್ರಂಕು ತೆಗೆದೆ. ಟಾಚಣಿ ತುಕ್ಕು ಹಿಡಿದು ಮುರಿದಿತ್ತು. ಅಕ್ಕನ ಹೆಸರಿನ ಚೀಟಿ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅದನ್ನು ಹಿಡಿದುಕೊಂಡು, ನನ್ನದು ತಪ್ಪಲ್ಲ, ಟಾಚಣಿಯದು ತಪ್ಪು ಎಂದು ತೋರಿಸಲು ಹೊರಗೆ ಬಂದರೆ ಮಣೆ ಬರಿದಾಗಿತ್ತು. ಅಕ್ಕ ಊಟ ಮಾಡದೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು.

ಮದುವೆಮನೆಯಿಂದ ಉಣ್ಣದೆ ಹೋಗುವುದೆಂದರೆ ಸಣ್ಣ ಮಾತಲ್ಲ. ನಾನು ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡಲು ನನ್ನ ಅಭಿಮಾನ ಬಿಡಲಿಲ್ಲ. ಹೋಗಿ ಬರೋಣ ಎಂದು ಪ್ರತಿ ತಿಂಗಳು ಅಂದುಕೊಳ್ಳುತ್ತಿದ್ದೆ. ಹೋದರೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ಬರೆದು, ಸರಿಯಾಗಲಿಲ್ಲವೆಂದು ಅಳಿಸಿ, ಮತ್ತೆ ಬರೆಯುತ್ತಿದ್ದೆ. ಹೀಗೆ ಆರು ವರ್ಷ ಹೋಯಿತು. ಈ ನಡುವೆ ಅಕ್ಕ ಅಜ್ಜಿಯಾದಳು. ಮೊಮ್ಮಗಳು ಹುಟ್ಟಿದ ಸುದ್ದಿ ನನಗೆ ನಾಲತವಾಡದ ಸಂಬಂಧಿಕರೊಬ್ಬರಿಂದ ಗೊತ್ತಾಯಿತು. ಆ ದಿನ ನಾನು ಕಚೇರಿಯ ಕಪಾಟಿನ ಹಿಂದೆ ನಿಂತು ಅತ್ತೆ.

ಸಿಟ್ಟೆಲ್ಲ ನಮ್ಮ ಮನೆಯವರ ಮೇಲೆ ಹೋಯಿತು. ಟಾಚಣಿ ಮುರಿದದ್ದನ್ನು ಅಕ್ಕ ಮನ್ನಿಸುತ್ತಿದ್ದಳು, ಮಂದಿಯ ಮುಂದೆ ನಗೆಪಾಟಲು ಮಾಡಿದ್ದನ್ನು ಹೇಗೆ ಮನ್ನಿಸಿಯಾಳು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಅವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಒಮ್ಮೆಯೂ ಎದುರು ಮಾತಾಡಲಿಲ್ಲ. ‘ಹೌದವಾ, ನಂದ ತಪ್ಪ’ ಎನ್ನುವರು. ಮರುಗಳಿಗೆ ಕುಕ್ಕರಿನ ಸೀಟಿಗೆ ಸರಿಯಾಗಿ ತಾವೂ ಸೀಟಿ ಹೊಡೆಯುವರು. ಆ ಸೀಟಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಮಾಘದಲ್ಲಿ ಬಸವನ ಬಾಗೇವಾಡಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿ ಇತ್ತು. ನಮ್ಮ ಹಳೆಯ ಕಾರಿನಲ್ಲಿ ಹೋದೆವು. ಹನ್ನೊಂದಕ್ಕೆ ಮುಟ್ಟುವುದು, ಒಂದಕ್ಕೆ ಊಟ, ಎರಡಕ್ಕೆ ಬಿಡುವುದು, ಐದರೊಳಗೆ ಇಂಡಿ ಎಂದು ನಾನು ಮೊದಲೇ ಹೇಳಿಟ್ಟಿದ್ದೆ. ಎಲ್ಲ ಹಾಗೆಯೇ ನಡೆಯಿತು. ಊಟ ಮುಗಿಸಿ ಗಾಡಿ ಹತ್ತಿದೆವು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ನನಗೆ ಸಂಶಯ ಬಂತು.

‘ಇದು ಇಂಡಿ ದಾರಿ ಅಲ್ಲರಿ.’

‘ಗೊತ್ತೈತಿ.’

‘ಇದು ಮುದ್ದೇಬಿಹಾಳ ದಾರಿ.’

‘ಅದೂ ಗೊತ್ತೈತಿ.’

‘ಎಲ್ಲಿಗೆ ಹೊಂಟೀರಿ?’

‘ಚಾ ಕುಡಿಯಾಕ. ಅಕ್ಕಾರ ಕೈಯಾನ ಚಾ ಕುಡಿಬೇಕನಸ್ತು, ಗಾಡಿ ತಿರಗಿಸಿದೆ.’

ನಾನು ಬಾಯಿ ಮಾಡಿದೆ. ನಿಮಗೆ ಬುದ್ಧಿ ಇದೆಯೇ ಎಂದೆ, ಕೈಯಲ್ಲಿ ಒಂದು ಹಣ್ಣಿಲ್ಲ ಹೂವಿಲ್ಲ ಎಂದೆ, ಹೇಳದೆ ಕೇಳದೆ ಹೋದರೆ ಬಾಗಿಲು ಮುಚ್ಚಿದರೇನು ಗತಿ ಎಂದೆ. ಅವರು ರಸ್ತೆಯ ಪಕ್ಕ ನಿಲ್ಲಿಸಿ ಒಂದು ಬುಟ್ಟಿ ಪೇರಲಹಣ್ಣು ಕೊಂಡು ನನ್ನ ತೊಡೆಯ ಮೇಲಿಟ್ಟರು. ‘ಹಣ್ಣ ಆತು. ಇನ್ನೇನು?’ ಎಂದರು. ದಾರಿಯುದ್ದಕ್ಕೂ ನನ್ನ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಕೂತೆ.

ಅಕ್ಕನ ಮನೆಯ ಮುಂದೆ ಗಾಡಿ ನಿಂತದ್ದೇ ತಡ, ಒಳಗಿಂದ ನಾಲ್ಕೈದು ವರ್ಷದ ಹುಡುಗಿಯೊಂದು ಓಡಿ ಬಂದು, ‘ಅಮ್ಮಾ, ಕಬಡ್ಡಿ ಅಜ್ಜ ಬಂದ!’ ಎಂದು ಕೂಗಿ ನಮ್ಮ ಮನೆಯವರ ಕಾಲಿಗೆ ಜೋತು ಬಿತ್ತು. ನಾನು ಎಂದೂ ನೋಡದ ಅಕ್ಕನ ಮೊಮ್ಮಗಳು ಅದು. ಅದು ಅವರ ಅಂಗಿಯ ಕಿಸೆಗೆ ನೇರವಾಗಿ ಕೈ ಹಾಕಿ ಪೆಪ್ಪರಮೆಂಟು ತೆಗೆದುಕೊಂಡಿತು. ಮೊದಲ ಸಲ ನೋಡಿದ ಮಗು ಹಾಗೆ ಕಿಸೆಗೆ ಕೈ ಹಾಕುವುದಿಲ್ಲ. ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ಹಿತ್ತಲ ಕಡೆ ನಡೆದುಬಿಟ್ಟರು.

ಅಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಎದ್ದೇಳಲಿಲ್ಲ, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಪೇರಲಹಣ್ಣಿನ ಬುಟ್ಟಿ ಕೆಳಗಿಟ್ಟು ಕಂಬಕ್ಕೆ ಒರಗಿ ಕೂತೆ. ಆರು ವರ್ಷದಿಂದ ಬರೆದು ಅಳಿಸಿದ ಮಾತಿನ ಮೊದಲ ಸಾಲು ಬಾಯಿಗೆ ಬಂತು.

‘ಅಕ್ಕಾ, ಅವತ್ತ ಇವ್ರು ಹಂಗ ಅನ್ನಬಾರದಿತ್ತು. ಮಂದ್ಯಾಗ ನಿನ್ನ ಮಾರಿ ತಗ್ಗಿಸಿದ್ರು.’

ಅಕ್ಕ ಮೊರದಲ್ಲಿ ಕೇರುವುದನ್ನು ನಿಲ್ಲಿಸಿದಳು.

‘ಅವರ ಮಾತ ಯಾಕ ತಗೀತಿ? ಅವ್ರು ಎಂಟ ದಿನಕ್ಕ ಬಂದಿದ್ರು. ಬಂದ ಕೂಡ್ಲೆ ನನ್ನ ಕಾಲ ಹಿಡದ್ರು. ತಪ್ಪಾತ್ರಿ ಅಕ್ಕಾರ ಅಂದ್ರು. ಬಿಡ್ರಿ ಅಂದ್ರ, ಚಾ ಮಾಡ್ತೇನಿ ಅನ್ನೂತನಕ ಬಿಡಂಗಿಲ್ಲ ಅಂತ ಕಾಲ ಹಿಡಕೊಂಡ ಕುಂತ್ರು. ನಗಿ ಬಂತು. ಚಾ ಮಾಡಿದೆ. ಅಲ್ಲಿಗೆ ಮುಗೀತು. ಹುಡುಗರ್ನ ಆಟಕ್ಕ ಕರಕೊಂಡ ಈ ಕಡೆ ಬಂದಾಗೆಲ್ಲಾ ಬರ್ತಾರ, ಉಂಡ ಹೋಗ್ತಾರ.’

ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಡುವ ಮನುಷ್ಯ, ಹುಟ್ಟುಹಬ್ಬಕ್ಕೆ ತಂದ ಸೀರೆಯ ಗುಟ್ಟನ್ನು ಒಂದು ದಿನವೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದವರು, ಇದನ್ನು ಆರು ವರ್ಷ ಇಟ್ಟುಕೊಂಡಿದ್ದರು. ನಾನು ಬೈದಾಗಲೆಲ್ಲ ಸುಮ್ಮನೆ ಬೈಸಿಕೊಂಡಿದ್ದರು.

‘ನನಗ ಹೇಳಲೇ ಇಲ್ಲ’ ಎಂದೆ.

‘ನಾನ ಹೇಳಬ್ಯಾಡ್ರಿ ಅಂದಿದ್ದೆ.’

‘ಯಾಕಕ್ಕಾ? ಅವರ ಮ್ಯಾಲಿನ ಸಿಟ್ಟ ಹೋಗಿತ್ತಂದ್ರ ಮತ್ತ ಯಾಕ?’

ಅಕ್ಕ ಮೊರವನ್ನು ನೆಲಕ್ಕಿಟ್ಟಳು. ‘ನಿನ್ನ ಮ್ಯಾಲಿಂದ ಹೋಗಿದ್ದಿಲ್ಲ. ಸೀರಿ ಅದಲು ಬದಲು ಯಾರ ಮನ್ಯಾಗ ಆಗೂದಿಲ್ಲ? ಅವತ್ತ ಎಲ್ಲಾರೂ ನಕ್ಕಾಗ ನಂಗೂ ನಗಿ ಬಂದಿತ್ತು. ನಿನ್ನ ಕಡೆ ನೋಡಿದೆ. ನೀನೂ ನಕ್ಕಿದ್ರ ನಾನೂ ನಗತಿದ್ದೆ, ಅಲ್ಲಿಗೆ ಆಗಿ ಹೋಗತಿತ್ತು. ನೀ ನನ್ನ ಮಾರಿ ಸೈತ ನೋಡಲಿಲ್ಲ. ಎದ್ದು ಒಳಗ ಹೋದಿ. ಅಷ್ಟ ಮಂದಿ ನಗೂದರಾಗ ನಾ ಒಬ್ಬಾಕಿನ ಮಣಿ ಮ್ಯಾಲ ಕುಂತಿದ್ದೆ. ಎಷ್ಟೊತ್ತ ಕುಂತಿದ್ದೆ ಗೊತ್ತೇನ ನಿನಗ? ಹಡದಾಕಿ ಹಂಗ ಸಾಕಿದ್ದೆ ನಿನ್ನ.’

ನಾನು ಚೀಟಿ ಹುಡುಕಲು ಹೋಗಿದ್ದೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ನನ್ನ ತಪ್ಪಲ್ಲವೆಂದು ತೋರಿಸುವ ಅವಸರದಲ್ಲಿ ಅವಳನ್ನು ಅಲ್ಲಿ ಬಿಟ್ಟು ಹೋಗಿದ್ದೆ ಎಂಬುದು ಆರು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಹಿತ್ತಲಲ್ಲಿ ನಮ್ಮ ಮನೆಯವರು ‘ಕಬಡ್ಡಿ ಕಬಡ್ಡಿ’ ಎಂದು ಉಸಿರು ಬಿಗಿಹಿಡಿದು ಓಡುವುದೂ, ಮಗು ಕೇಕೆ ಹಾಕುವುದೂ ಕೇಳುತ್ತಿತ್ತು. ಅವರ ನಾಲಿಗೆ ಚೆಲ್ಲಿದ್ದನ್ನು ಅವರು ಎಂಟು ದಿನದಲ್ಲಿ ಬಂದು ಬಳಿದು ಹೋಗಿದ್ದರು. ನಾನು ಅಂಚು ಮಡಚಿ, ನೀಟಾಗಿ ಜೋಡಿಸಿ, ಸಿಟ್ಟನ್ನೂ ಟ್ರಂಕಿನಲ್ಲಿಟ್ಟಿದ್ದೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನಿಜ. ನನ್ನ ಮೇಲೆ ನಾಚಿಕೆಯಾಯಿತು ಎಂದರೆ ಅದೂ ನಿಜ.

‘ತಪ್ಪಾತಕ್ಕಾ’ ಎಂದೆ. ಅಷ್ಟೆಲ್ಲ ಬರೆದು ಅಳಿಸಿದ್ದರಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಅವರಿಗೆ ಯಾಕ ಹೇಳಬ್ಯಾಡ್ರಿ ಅಂದಿದ್ದೆ ಅಂದ್ರ, ಅವ್ರು ಕರಕೊಂಡ ಬಂದ್ರ ಅದು ಅವ್ರು ಬಂದಂಗ. ನೀ ನಿನ್ನಷ್ಟಕ್ಕ ಬರ್ಲಿ ಅಂತ ದಾರಿ ನೋಡಾಕತ್ತಿದ್ದೆ’ ಎಂದಳು. ಆಮೇಲೆ ನನ್ನ ಕಣ್ಣಿಗೆ ಕಣ್ಣಿಟ್ಟು ಕೇಳಿದಳು: ‘ಇವತ್ತ ನೀನ ಬಂದೇನ?’

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಆರು ವರ್ಷ ಕಾದಿದ್ದ ಒಂದೇ ಮಾತು ಅದು. ನಾಲಿಗೆಯ ತುದಿಗೂ ಬಂದಿತ್ತು.

‘ಇಲ್ಲಕ್ಕಾ. ಬಾಗೇವಾಡಿಗೆ ಬಂದಿದ್ದಿವಿ. ಅವ್ರು ಗಾಡಿ ತಿರಗಿಸಿದ್ರು. ನಾ ಬ್ಯಾಡಂದೆ.’

ಅಕ್ಕನ ಕೈ ಜೋಳದ ಮೇಲೆ ಹಾಗೆಯೇ ನಿಂತಿತು. ಆಮೇಲೆ ಮೊರವನ್ನು ಎತ್ತಿ ನನ್ನ ಕಡೆ ಸರಿಸಿದಳು.

‘ನಡದಾರ್‍ಯಾಗ ಗಾಡಿ ಇಳದ ತಿರುಗಿ ಹೋಗಲಿಲ್ಲಲ್ಲ ನೀ’ ಎಂದಳು. ‘ಕೂಡು. ಇದರಾಗಿನ ಕಲ್ಲ-ಹಳ್ಳ ಆರಿಸು, ಚಾ ಇಡ್ತೇನಿ.’