ಕಾರ್ಡಿಗೆ ನೋಡುವ ಲೇಡಿ ಡಾಕ್ಟರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿದ್ದೆ. ಆಸ್ತಿ ಎಂದು ಹೇಳಿಕೊಳ್ಳಲು ನನ್ನ ಬಳಿ ಇದ್ದದ್ದು ಒಂದೇ: ಕಾರ್ಮಿಕರಿಗೆ ಸರ್ಕಾರ ಕೊಟ್ಟ ವಿಮೆಯ ಕಾರ್ಡು. ಅದನ್ನು ತೋರಿಸಿದರೆ ನನಗೂ ಹೆಂಡತಿಗೂ ಬಿಟ್ಟಿ ಚಿಕಿತ್ಸೆ ಎಂದು ಅದರ ಮೇಲೆ ಅಚ್ಚಾಗಿತ್ತು. ಯಾರು ಮಾಡುತ್ತಾರೆ ಎಂಬುದು ಮಾತ್ರ ಅಚ್ಚಾಗಿರಲಿಲ್ಲ.

ಮಾನ್ವಿಯಲ್ಲಿದ್ದ ನನ್ನ ಷಡ್ಡಕರಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಇಂಥ ಭಾಗ್ಯವಿರಲಿಲ್ಲ. ಪಾಪ, ಅವರಿಗಿದ್ದದ್ದು ಒಂದು ರೈಸ್ ಮಿಲ್ಲು, ಒಂದು ಜೀಪು. ಆ ವರ್ಷ ಅಕ್ಕ ತಂಗಿ ಇಬ್ಬರೂ ಬಸುರಿ. ಅಕ್ಕ ಜೀಪಿನಲ್ಲಿ ರಾಯಚೂರಿಗೆ ಬಂದು, ಊರಿಗೇ ದೊಡ್ಡ ಲೇಡಿ ಡಾಕ್ಟರಿಗೆ ತೋರಿಸಿಕೊಂಡು, ನಮ್ಮ ಮನೆಗೆ ಸೇಬು ಕೊಟ್ಟು ಹೋಗುತ್ತಿದ್ದರು. ಆ ಸೇಬು ನನ್ನ ನಾಲಿಗೆಗೆ ಒಮ್ಮೆಯೂ ಸಿಹಿ ಹತ್ತಲಿಲ್ಲ.

ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಹೆಂಡತಿ ದೇವದುರ್ಗದ ಕಡೆಯ ಮಸರಕಲ್ಲಿಗೆ, ತವರಿಗೆ ಹೋದಳು. ಒಂಬತ್ತು ತುಂಬುವ ಹೊತ್ತಿಗೆ ಅಲ್ಲಿನ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗ್ಯಾದ. ನನ್ನ ಕೈಲಿ ಆಗಂಗಿಲ್ರೀ. ಬ್ಯಾನಿ ಬರೋದ್ರಾಗ ಡಾಕ್ಟರಿಗೆ ತೋರಿಸ್ರಿ" ಎಂದಳು.

ದೇವದುರ್ಗದ ಡಾಕ್ಟರು ನನ್ನ ಕಾರ್ಡನ್ನು ತಿರುವಿ ನೋಡಿ, "ಇದು ರಾಯಚೂರಾಗ ನಡೀತದ" ಎಂದರು. ಹೆಂಡತಿಯನ್ನು ರಾಯಚೂರಿಗೆ ಕರೆತಂದೆ. ಅಲ್ಲಿ ಒಬ್ಬ ಲೇಡಿ ಡಾಕ್ಟರ ಕಂಪೌಂಡರ್, "ನಮ್ಮ ಡಾಕ್ಟರಮ್ಮ ಪೇಶಂಟ್ ನೋಡ್ತಾರ್ರೀ, ಕಾರ್ಡ್ ನೋಡಂಗಿಲ್ಲ" ಎಂದ.

ಷಡ್ಡಕರು ಸುದ್ದಿ ತಿಳಿದು ಬಂದರು. "ನಮ್ಮ ಡಾಕ್ಟರಿಗೇ ತೋರಿಸೋಣ ನಡಿ ತಮ್ಮಾ. ಖರ್ಚಿನ ಚಿಂತಿ ಬಿಡು."

"ಸರ್ಕಾರ ನನಗ ಕಾರ್ಡ್ ಕೊಟ್ಟದರೀ" ಎಂದೆ, ಜಹಗೀರು ಪಡೆದವನ ಗತ್ತಿನಲ್ಲಿ. ಹೆಂಡತಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಕೊನೆಗೆ ಮಿಲ್ಲಿನ ಹಮಾಲನೊಬ್ಬ ಗುಟ್ಟು ಹೇಳಿದ. ಕಾರ್ಡಿಗೆ ನೋಡುವ ಲೇಡಿ ಡಾಕ್ಟರು ಊರಲ್ಲಿ ಒಬ್ಬರೇ, ಅದೂ ಶುಕ್ರವಾರ ಮಧ್ಯಾಹ್ನ, ಹಿಂಬಾಗಿಲಲ್ಲಿ. ವಿಳಾಸ ಕೇಳಿದರೆ, ಅದು ಷಡ್ಡಕರ ಡಾಕ್ಟರದೇ!

ಶುಕ್ರವಾರ ಹಿಂಬಾಗಿಲಲ್ಲಿ ಹೆಂಗಸರ ದೊಡ್ಡ ಸಾಲು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಕರೆದಾಗ ಸಿಗುವಂತೆ ಕಿಟಕಿಯ ಬಳಿ ನಿಂತಿರಬೇಕು. ನಾನೂ ನಿಂತಿದ್ದೆ. ಅಷ್ಟರಲ್ಲಿ ಮುಂಬಾಗಿಲಿಗೆ ಆ ಜೀಪು ಬಂತು. ಹಿಂಬಾಗಿಲ ಸಾಲಿನಲ್ಲಿ ಷಡ್ಡಕರ ಕಣ್ಣಿಗೆ ಬೀಳುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂದು ಎದುರಿನ ಚಹಾ ಅಂಗಡಿಗೆ ನುಗ್ಗಿದೆ. ಅಲ್ಲಿ ಕೂತು ಜೀಪಿನ ಗಾಲಿಗಳನ್ನು ನೋಡಿದೆ. ನಾಲ್ಕೂ ಹೊಸವು. ಹೊಟ್ಟೆ ಉರಿಯಿತು; ಇನ್ನೊಂದು ಚಹಾ ಹೇಳಿದೆ.

ಒಳಗೆ ನಡೆದದ್ದು ಆಮೇಲೆ ತಿಳಿಯಿತು. ಹಿಂದಿನ ವಾರ ಯಾರೋ ಬೇರೆಯವರ ಕಾರ್ಡು ತಂದಿದ್ದರಂತೆ. ಹಾಗಾಗಿ ನರ್ಸಮ್ಮ ಪ್ರತಿಯೊಬ್ಬಳ ಬಾಯಿಂದ ಗಂಡನ ಹೆಸರು ಹೇಳಿಸಿ ಕಾರ್ಡಿನ ಜೊತೆ ತಾಳೆ ನೋಡುತ್ತಿದ್ದರು. ನಮ್ಮವರಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಬೇರೆ ಹೆಂಗಸರು ಜೊತೆಗೆ ಬಂದ ಅತ್ತೆಯಿಂದಲೋ ನಾದಿನಿಯಿಂದಲೋ ಹೇಳಿಸಿದರು. ನನ್ನವಳು ಒಬ್ಬಳೇ ಇದ್ದಳು.

"ಗಂಡನ ಹೆಸರೇನವ್ವಾ?"

"ಕಾರ್ಡಿನ್ಯಾಗ ಅದಲ್ರೀ."

"ನಿನ್ನ ಬಾಯಾಗ ಬರ್ಲಿ."

"ಹೊರಗ ಕಿಡಕಿ ಹತ್ರ ನಿಂತಾರ, ಅವರ್ನ ಕೇಳ್ರಿ."

ನರ್ಸಮ್ಮ ಕಿಟಕಿಯಲ್ಲಿ ಇಣುಕಿದರು. "ಯಾರೂ ಇಲ್ಲಲ್ಲ! ಗಂಡನ್ನ ಕರಕೊಂಡು ಮುಂದಿನ ಶುಕ್ರವಾರ ಬಾ. ಹಿಂದಿನವ್ವಾ, ನೀ ಬಾ."

ಕೂಸು ಅಡ್ಡ ಮಲಗಿದೆ. ಮುಂದಿನ ಶುಕ್ರವಾರದವರೆಗೆ ಅದು ಕಾಯುತ್ತದೆಂದು ಯಾರು ಹೇಳಬೇಕು? ನನ್ನವಳು ಅಳತೊಡಗಿದಳು. ತಂಗಿಯ ದನಿ ಗುರುತಿಸಿ ಮುಂದಿನ ಕೋಣೆಯಿಂದ ಅಕ್ಕ ಎದ್ದು ಬಂದರು. "ಅಕೀ ಯಾಕ ಹೇಳಬೇಕು, ನಾ ಹೇಳ್ತೀನಿ ಬರ್ಕೋರಿ" ಎಂದು ನನ್ನ ಹೆಸರು, ನನ್ನ ಅಪ್ಪನ ಹೆಸರು, ಮನೆತನದ ಹೆಸರು ಒಂದೇ ಉಸಿರಿಗೆ ಕೂಗಿದರು. ಚಹಾ ಅಂಗಡಿಯಲ್ಲಿದ್ದ ನನಗೆ ಕೋರ್ಟಿನಲ್ಲಿ ಪುಕಾರು ಆದಂತೆ ಕೇಳಿಸಿತು. ಓಡಿ ಹೋಗುವಷ್ಟರಲ್ಲಿ ಹೆಂಡತಿ ಡಾಕ್ಟರ ಮುಂದಿದ್ದಳು.

ಡಾಕ್ಟರಮ್ಮ ಹೊಟ್ಟೆಯ ಮೇಲಿಂದಲೇ ಕೈಯಾಡಿಸಿ ಕೂಸನ್ನು ನಿಧಾನಕ್ಕೆ ತಿರುಗಿಸಿ, ಮನೆಗೆ ಕಳಿಸದೆ ಅಲ್ಲೇ ಉಳಿಸಿಕೊಂಡರು. ಮಂಗಳವಾರ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣುಕೂಸು, ತಾಯಿ, ಇಬ್ಬರೂ ಚೆನ್ನಾಗಿದ್ದರು. ನರ್ಸಮ್ಮ ಹೇಳಿದ ಶುಕ್ರವಾರಕ್ಕೆ ಇನ್ನೂ ಮೂರು ದಿನ ಉಳಿದಿತ್ತು.

ನೋಡಲು ಹೋದವನು ಸುಮ್ಮನಿರಬೇಕಿತ್ತು. "ನಿಮ್ಮಕ್ಕ ಹಂಗ ಊರಿಗೆಲ್ಲಾ ಕೇಳಿಸಂಗ ಒದರಬಾರದಿತ್ತು" ಎಂದೆ.

ಹೆಂಡತಿ ಕೂಸಿನ ಮುಖ ಒರೆಸುತ್ತ ಕೇಳಿದಳು: "ಅಕ್ಕ ಒದರಿದ್ಕ ಸಿಟ್ಟೋ, ಒದರಿದಾಕಿ ಜೀಪಿನವರ ಹೆಂಡ್ತಿ ಅಂತ ಸಿಟ್ಟೋ?"

ಮುಂಬಾಗಿಲಲ್ಲಿ ಜೀಪು ನಿಂತ ಸದ್ದು ಕೇಳಿ, ಎದ್ದು ಕಿಟಕಿಯ ಬಳಿ ಹೋಗಿ, ಈ ಸಲ ಅಲ್ಲೇ ನಿಂತೆ.