ಸುಣ್ಣಕಲ್ಲಿನ ಬಯಲಿಗೆ ಹೋದ ಶುಕ್ರವಾರ

ಮಗು ಹೋಗಿ ಐದು ವಾರವಾಗಿತ್ತು. ಆರು ತಿಂಗಳು ತುಂಬಿದ್ದ ಹೊಟ್ಟೆ ಒಂದೇ ದಿನದಲ್ಲಿ ಬರಿದಾಯಿತು. ನಾನು ಗಲ್ಫಿನ ಒಂದು ದ್ವೀಪದೇಶದಲ್ಲಿ, ಮನಾಮದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅದೇ ಆಸ್ಪತ್ರೆಯಲ್ಲಿ, ನನ್ನ ಜೊತೆ ಕೆಲಸ ಮಾಡುವವರ ಕೈಯಲ್ಲೇ, ಎರಡು ದಿನ ಮಲಗಿದ್ದೆ. ಮನೆಗೆ ಬಂದ ಮೇಲೆ ನಾನು ಅಳಲಿ ಎಂದು ಎಲ್ಲರೂ ಕಾದರು. ಊರಿಂದ ಅಮ್ಮ, ಕಾಲಿಂಗ್ ಕಾರ್ಡಿನ ನಿಮಿಷ ಮುಗಿಯುವವರೆಗೆ ಅತ್ತರು. ನಾನು ಮಾತ್ರ ಸೆಗಯಾ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ, ಎ.ಸಿ.ಯ ಸದ್ದು ಕೇಳುತ್ತ ಕೂತೆ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಅದು ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನನಗೆ ಇಡೀ ಮೈ ಹಾಗಿತ್ತು.

ನಮ್ಮ ಮೇಲಿನ ಮಹಡಿಯಲ್ಲಿ ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ ಡ್ರೈವರ್ ಇದ್ದರು. ವಾರವಿಡೀ ಶಾಲೆಯ ವ್ಯಾನ್, ಚಳಿಗಾಲದ ಶುಕ್ರವಾರಗಳಲ್ಲಿ ಹಕ್ಕಿ ನೋಡುವವರ ಒಂದು ಗುಂಪಿಗೆ ಅದೇ ವ್ಯಾನ್. ಬಿಟ್ಟು ಬರುವುದು, ಕರೆದುಕೊಂಡು ಬರುವುದು ಎಂದು ಶುರುವಾದ ಕೆಲಸದಲ್ಲಿ ಅವರಿಗೇ ಹಕ್ಕಿಯ ಹುಚ್ಚು ಹಿಡಿದಿತ್ತು. ಮಾರ್ಚಿನ ಒಂದು ಗುರುವಾರ ಸಂಜೆ ಬಾಗಿಲಲ್ಲಿ ನಿಂತು, ನಮ್ಮೂರ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಕರೆದು ಹೇಳಿದರು: “ಬಾಯಮ್ಮ, ನಾಳೆ ವ್ಯಾನಲ್ಲಿ ಒಂದು ಸೀಟು ಖಾಲಿ ಉಂಟು. ಮಳೆ ಬಂದು ಹಕ್ಕಿಯ ಬಯಲಲ್ಲಿ ಹುಲ್ಲು ಬಂದಿದೆ. ಜುಮಾ ನಮಾಜಿಗೆ ಮೊದಲೇ ವಾಪಸ್.”

ನಾನು ಬೇಡ ಎಂದೆ. ಗಂಡ ಹೋಗು ಎಂದರು. ಬೇಡ ಎಂದು ಇನ್ನೊಂದು ಸಲ ಹೇಳುವುದಕ್ಕೂ ಮನಸ್ಸಾಗದೆ ಒಪ್ಪಿದೆ.

ದ್ವೀಪದ ದಕ್ಷಿಣಕ್ಕೆ, ಎಣ್ಣೆಬಾವಿಗಳ ಪೈಪುಗಳನ್ನು ದಾಟಿದ ಮೇಲೆ, ಬೇಲಿ ಹಾಕಿ ಕಾಪಾಡಿದ ಬಯಲದು. ನೆಲವೆಲ್ಲ ಸುಣ್ಣಕಲ್ಲು. ಬೆಳಗಿನ ಬಿಸಿಲಿಗೆ ಅದರ ಬಿಳುಪು ಕಣ್ಣಿಗೆ ಚುಚ್ಚುತ್ತಿತ್ತು. ತಗ್ಗುಗಳಲ್ಲಿ ಮಾತ್ರ ಗೇಣುದ್ದದ ಹುಲ್ಲು, ಅದರ ನಡುವೆ ಹೆಸರು ಗೊತ್ತಿಲ್ಲದ ಹಳದಿ ಹೂ. ಗುಂಪಿನಲ್ಲಿ ಎಂಟು ಮಂದಿ. ಮುಂದಾಳು ಎಪ್ಪತ್ತು ದಾಟಿದ ಒಬ್ಬ ಇಂಗ್ಲಿಷ್ ಮುದುಕ. ದ್ವೀಪದಲ್ಲೇ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ತಾನು ಹುಟ್ಟಿದ ಊರಲ್ಲೂ ಹುಲ್ಲಿನ ಕೆಳಗೆ ಹೀಗೇ ಬಿಳಿ ನೆಲ, ಆದರೆ ಅಲ್ಲಿ ಹುಲ್ಲು ವರ್ಷವಿಡೀ ಇರುತ್ತದೆ ಎಂದು ನನಗೆ ಹೇಳಿದರು. ನಾನು ತಲೆಯಾಡಿಸಿದೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಒಂದು ಹಳೆಯ ದುರ್ಬೀನು ಕೊಟ್ಟು, ನಡುವಿನ ಚಕ್ರ ತಿರುಗಿಸುವುದು ಹೇಗೆಂದು ತೋರಿಸಿ ಮುಂದೆ ಹೋದರು.

ಮೊದಲ ಒಂದು ಗಂಟೆ ದುರ್ಬೀನಿನಲ್ಲಿ ನನಗೆ ಕಂಡದ್ದು ಕಲ್ಲು. ಆಮೇಲೆ ಡ್ರೈವರ್ ಮೆಲ್ಲಗೆ ಕೈ ತೋರಿಸಿದರು. ಕಲ್ಲಿನ ಬಣ್ಣದ, ಉದ್ದ ಕೊಕ್ಕಿನ ಒಂದು ನೆಲಗುಬ್ಬಿ ಓಡುತ್ತಿತ್ತು. ಓಡಿ ನಿಂತು, ನೆಟ್ಟಗೆ ಮೇಲಕ್ಕೆ ಹಾರಿತು. ರೆಕ್ಕೆ ಬಿಚ್ಚಿದಾಗ ಕಪ್ಪು ಬಿಳಿ ಪಟ್ಟಿ. ಮೇಲೆ ಹೋಗುತ್ತ ಉದ್ದಕ್ಕೆ ಸಿಳ್ಳೆ ಹಾಕಿತು. ತುದಿಯಲ್ಲಿ ಮಗುಚಿ, ಕಲ್ಲು ಬಿದ್ದ ಹಾಗೆ ಕೆಳಗಿಳಿಯಿತು. ಗಂಡು ಹೆಣ್ಣನ್ನು ಕರೆಯುವುದು ಹಾಗಂತೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಚೆಂದ ಇದೆ ಎಂದು ನನಗೆ ತಿಳಿಯಿತು, ಅಷ್ಟೇ. ಚೆಂದ ಅನ್ನಿಸಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಬಿಸಿಲೇರಿತು. ಮುದುಕರು ಮುಂದೆ ಒಬ್ಬರೇ ನಡೆಯುತ್ತಿದ್ದರು. ಅವರ ಹೆಜ್ಜೆ ಅಡ್ಡಾದಿಡ್ಡಿಯಾದದ್ದನ್ನು ಮೊದಲು ಕಂಡವಳು ನಾನು. ಕೂಗುವಷ್ಟರಲ್ಲಿ ಮೊಣಕಾಲೂರಿ ಮುಂದಕ್ಕೆ ಬಿದ್ದರು. ಹಣೆ ಕಲ್ಲಿಗೆ ತಾಗಿ ರಕ್ತ ಬಂತು. ಗುಂಪಿನವರು ಸುತ್ತ ನಿಂತು ಒಟ್ಟಿಗೆ ಮಾತಾಡತೊಡಗಿದರು.

ನಾನು ಓಡಿದ್ದು ನೆನಪಿಲ್ಲ. ನೆನಪಿರುವುದು ನನ್ನ ಬೆರಳು ಅವರ ಮಣಿಕಟ್ಟಿನ ಮೇಲಿದ್ದದ್ದು. ಮೈ ತಣ್ಣಗೆ ಬೆವೆತಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದೆ. ಇದೆ, ಇನ್ಸುಲಿನ್ ತಗೊಳ್ಳುತ್ತಾರೆ ಎಂದು ಗುಂಪಿನ ಫಿಲಿಪಿನೊ ಟೀಚರ್ ಹೇಳಿದಳು. ಮುದುಕರು ಬೆಳಗಿನ ತಿಂಡಿ ತಿಂದಿರಲಿಲ್ಲವಂತೆ. ಅವಳ ಚೀಲದಲ್ಲಿದ್ದ ಮಾವಿನ ಜ್ಯೂಸನ್ನು ತರಿಸಿ, ನುಂಗುತ್ತಾರೆಂದು ಖಚಿತ ಮಾಡಿಕೊಂಡು, ಗುಟುಕು ಗುಟುಕಾಗಿ ಕುಡಿಸಿದೆ. ನನ್ನ ಶಾಲನ್ನು ಹಣೆಗೆ ಒತ್ತಿ ಹಿಡಿದೆ. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ತನ್ನಿಂದ ಎಲ್ಲರಿಗೂ ತೊಂದರೆಯಾಯಿತೆಂದು ಕ್ಷಮೆ ಕೇಳಿದರು. ಆಗಲೂ ನನ್ನೊಳಗೆ ಏನೂ ಇರಲಿಲ್ಲ.

ಗಾಯಕ್ಕೆ ಹೊಲಿಗೆ ಬೇಕಿತ್ತು. ಎಲ್ಲರನ್ನೂ ಹತ್ತಿಸಿಕೊಂಡು ವ್ಯಾನ್ ನೇರ ನನ್ನ ಆಸ್ಪತ್ರೆಗೇ ಬಂತು. ಟೀಚರ್ ಮುದುಕರ ಜೊತೆ ಒಳಗೆ ಹೋದಳು, ಉಳಿದವರು ಟ್ಯಾಕ್ಸಿ ಹಿಡಿದರು. ಡ್ರೈವರ್ ಮತ್ತು ನಾನು ಹೊರಗೆ ನೆರಳಲ್ಲಿ ನಿಂತೆವು. ಮಸೀದಿಯಿಂದ ಖುತ್ಬಾದ ಪ್ರವಚನ ಕೇಳುತ್ತಿತ್ತು; ಡ್ರೈವರಿಗೆ ಜುಮಾ ತಪ್ಪಿತು. ಮುಖ ಒರೆಸಿಕೊಳ್ಳುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದರು: “ನನಗೆ ಈ ಆಸ್ಪತ್ರೆ ಬಾಗಿಲು ನೋಡಲಿಕ್ಕೆ ಆಗುವುದಿಲ್ಲ ಬಾಯಮ್ಮ. ಆ ದಿನವೂ ಇಲ್ಲೇ ನಿಂತದ್ದು ನಾನು, ನಿಮ್ಮ ಯಜಮಾನರು ಮಗುವನ್ನು ಹಿಡಿದುಕೊಂಡು ಬರುವಾಗ.”

ನನಗೆ ಅರ್ಥವಾಗಲಿಲ್ಲ. ಎಲ್ಲಿಗೆ ಹೋದದ್ದು ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು. “ನಿಮಗೆ ಗೊತ್ತುಂಟು ಅಂತ ಗ್ರಹಿಸಿದೆ,” ಎಂದು ತಲೆ ತಗ್ಗಿಸಿದರು.

ಉಳಿದದ್ದನ್ನು ಬಿಡಿಬಿಡಿಯಾಗಿ ಹೇಳಿದರು. ಕ್ರೈಸ್ತರ ದಫನ ಭೂಮಿಯ ಒಂದು ಮೂಲೆಯಲ್ಲಿ ಮಕ್ಕಳ ಜಾಗವಿದೆ, ಹೂತದ್ದು ಅಲ್ಲಿ. ಪಾದ್ರಿ ಬಂದಿದ್ದರು. ನನ್ನ ಗಂಡ, ಇವರು, ಪಾದ್ರಿ, ಅಗೆಯುವವನು, ಬೇರೆ ಯಾರೂ ಇರಲಿಲ್ಲ. ನಾನು ಐದು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆಸ್ಪತ್ರೆಯವರೇ ಏನೋ ಮಾಡಿರುತ್ತಾರೆ ಎಂದುಕೊಂಡಿದ್ದೆ; ನಿಜ ಹೇಳಬೇಕೆಂದರೆ ಅಷ್ಟು ಸಹ ಯೋಚಿಸಿರಲಿಲ್ಲ.

ಸಂಜೆ ಗಂಡ ಓವರ್‌ಟೈಮ್ ಮುಗಿಸಿ ಬಂದಾಗ ನಮ್ಮ ಮನೆಮಾತು ಕೊಂಕಣಿಯಲ್ಲಿ ನೇರವಾಗಿ ಕೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಹಾಗೇ ಕೂತರು. ನೀನಾಗಿ ಕೇಳಲಿ ಎಂದು ಕಾದಿದ್ದೆ, ಆಮೇಲೆ ನನಗೇ ಹೇಳಲು ಬಾಯಿ ಬರಲಿಲ್ಲ ಎಂದರು. ಇಷ್ಟು ದಿನ ಪ್ರತಿ ವಾರ ಒಬ್ಬರೇ ಹೋಗಿ ಬರುತ್ತಿದ್ದರಂತೆ. ತರಕಾರಿ ತರುತ್ತೇನೆಂದು ಹೋಗಿ ತಡವಾಗಿ ಬರುತ್ತಿದ್ದ ದಿನಗಳು ಅವು. ಮುದುಕರು ಚೇತರಿಸಿಕೊಂಡರೆಂದು ಡ್ರೈವರ್ ಆಮೇಲೆ ಬಂದು ತಿಳಿಸಿದರು.

ಮುಂದಿನ ಶುಕ್ರವಾರ ಇಬ್ಬರೂ ಹೋದೆವು. ಮರಳು ಸೇರಿದ ಗಟ್ಟಿ ನೆಲ, ಸಾಲಾಗಿ ಸಣ್ಣ ಸಣ್ಣ ದಿಬ್ಬಗಳು. ನಮ್ಮದಕ್ಕೆ ಕಲ್ಲಿರಲಿಲ್ಲ, ಒಂದು ಮರದ ಶಿಲುಬೆ ಮಾತ್ರ ಇತ್ತು. ಗಂಡ ಬಾಟಲಿಯಿಂದ ನೀರು ಹನಿಸಿ ಧೂಳು ತೊಳೆದರು. ಅವರ ಕೈಗೆ ಅದು ಅಭ್ಯಾಸವಾಗಿತ್ತು. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ನೆಲ ಮುಟ್ಟಿ ನೋಡಿದೆ, ಬಿಸಿಯಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಗಂಡ ಕೇಳಿದರು, “ಹೋಗುವಾ?”

“ನೀವು ನೆರಳಲ್ಲಿ ಕೂತಿರಿ,” ಎಂದೆ. “ನಾನು ಇನ್ನೂ ಸ್ವಲ್ಪ ಇರ್ತೇನೆ.”

ಅವರು ನೆರಳಿಗೆ ಹೋಗಲಿಲ್ಲ.